ನಲಿಕಲಿ ತರಗತಿಯಲ್ಲಿ ಓದು ಮತ್ತು ಶಿಸ್ತು

ಒಂದನೇ ತರಗತಿಗೆ ಸೇರಿ ನಾಲ್ಕು ತಿಂಗಳಾದರೂ ಮಗಳಿಗೆ 'ಅ ಆ ಇ ಈ' ಒಪ್ಪಿಸಲು ಬರುತ್ತಿಲ್ಲ, ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿಯ ಕೊಠಡಿಯಲ್ಲಿ ಎಲ್ಲರೂ ಮನಬಂದಂತೆ ಎದ್ದು ಓಡಾಡುತ್ತಾರೆ, ಶಾಲೆ ಬದಲಿಸಬೇಕೇ ಎಂದು ತಾವು ಕೇಳಿದ್ದೀರಿ. ಸರ್ಕಾರಿ ಶಾಲೆಯಲ್ಲಿ ಹನ್ನೊಂದು ವರ್ಷ ಇದೇ ತರಗತಿಯನ್ನು ನಡೆಸಿದವಳು ನಾನು. ಈ ಎರಡನ್ನಷ್ಟೇ ನೋಡಿ ಮಗುವನ್ನು ಶಾಲೆ ಬಿಡಿಸಬೇಡಿ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು ಆರಂಭಿಸಿದ ಈ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲು ಕಲಿಸುವುದು ರ, ಗ, ಸ, ದ, ಅ. ಈ ಐದರಿಂದಲೇ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳು ಹುಟ್ಟುವುದರಿಂದ, ಕಾಗುಣಿತದ ಒಂದು ಚಿಹ್ನೆಯನ್ನೂ ಅರಿಯದ ಮಗು ಅರ್ಥವುಳ್ಳ ಪದಗಳನ್ನು ಓದತೊಡಗುತ್ತದೆ. ಮೊದಲ ಐದು ಸ್ವರಗಳನ್ನು ಉರು ಹೊಡೆದ ಮಗುವಿಗೆ 'ಆ', 'ಈ' ಎಂಬ ಒಂಟಿ ಪದಗಳನ್ನು ಬಿಟ್ಟರೆ ಓದಲು ಸಿಗುವುದೇನು?

ಇನ್ನು ಗದ್ದಲದ ಮಾತು. ಮೂರು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಬೇಕಾದ ಸಹಾಯಕ್ಕೆ ತಕ್ಕಂತೆ ಐದು ಗುಂಪುಗಳಾಗಿ ಕುಳಿತು, ತಮ್ಮ ತಮ್ಮ ಕಲಿಕಾ ಏಣಿಯ (ಕಲಿಕೆಯ ಹಂತಗಳನ್ನು ಕ್ರಮವಾಗಿ ತೋರಿಸುವ ಪಟ್ಟಿ) ಪ್ರಕಾರ ಕಾರ್ಡು ತೆಗೆದುಕೊಳ್ಳಬೇಕಾದಲ್ಲಿ ಏಳದೆ ಇರಲಾಗದು. ಮೊದಲ ವರ್ಷ ನಾನು ಮೇಜಿಗೆ ಬೆತ್ತ ಬಡಿದು 'ಕೈ ಕಟ್ಟು, ಬಾಯಿ ಮುಚ್ಚು' ಎಂದಿದ್ದೆ. ಕೊಠಡಿ ಸ್ತಬ್ಧವಾಯಿತು, ಕಲಿಕೆಯೂ ಅಲ್ಲಿಗೇ ನಿಂತಿತು. (ಹೊಡೆಯುವುದಕ್ಕಂತೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣದ ನಿಷೇಧವೇ ಇದೆ.) ಎದ್ದ ಮಗು ಯಾವ ಕಾರ್ಡಿಗಾಗಿ ಎದ್ದಿತೆಂದು ಕೇಳಿದಾಗ ತಡವರಿಸದೆ ಉತ್ತರಿಸಿದರೆ, ಅದೇ ಅಲ್ಲಿಯ ಶಿಸ್ತು.

ಆದರೆ ಪದ್ಧತಿಗೆ ನಿಜವಾದ ದೋಷವೊಂದಿದೆ, ಅದನ್ನು ಮುಚ್ಚಿಡಲಾರೆ. ಶಿಕ್ಷಕರ ಸಹಾಯ ಪಡೆಯುವ ಗುಂಪಿನಲ್ಲೇ ನಮ್ಮ ಸಮಯವೆಲ್ಲ ಕಳೆದುಹೋಗಿ, ಸ್ವಕಲಿಕೆಯ ಗುಂಪಿನ ಮಕ್ಕಳು ಕಾರ್ಡನ್ನು ಓದದೆ ಬರೀ ನಕಲು ಮಾಡುತ್ತಾ ಮುಂದೆ ಸಾಗುವುದುಂಟು. ಆದ್ದರಿಂದ ಮಗಳು ಕಲಿತಿರುವ ಅಕ್ಷರಗಳಿಂದಲೇ ಅವಳು ನೋಡಿರದ ಪದವೊಂದನ್ನು ಬರೆದು ಓದಿಸಿ. ತಡವರಿಸಿಯಾದರೂ ಕೂಡಿಸಿ ಓದಿದರೆ ನಿಶ್ಚಿಂತರಾಗಿರಿ. ಓದಲಾಗದಿದ್ದರೆ ಪ್ರಗತಿ ನೋಟದಲ್ಲಿ (ಪ್ರತಿ ಮಗು ತಲುಪಿದ ಹಂತವನ್ನು ಗುರುತಿಸುವ ಪಟ್ಟಿ) ಅವಳು ಯಾವ ಮೈಲಿಗಲ್ಲು, ಅಂದರೆ ಹಂತ, ದಾಟಿದ್ದಾಳೆಂದು ನೋಡಿ, ಆ ಕಾರ್ಡುಗಳನ್ನು ಮತ್ತೊಮ್ಮೆ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾಡಿಸುವಂತೆ ಶಿಕ್ಷಕಿಯನ್ನು ಕೇಳಿಕೊಳ್ಳಿ.