ಹಳೇ ಮನೆ, ಒಣಗಿದ ಅಂಗಳ: ಎರಡು ಲಕ್ಷದಲ್ಲಿ ನೋಡುವ ಹಾಗೆ ಮಾಡಬಹುದಾ?

ಮೂವತ್ತು ನಲವತ್ತು ಸೈಟಿನ ಹಳೇ ಮನೆ, ಮುಂದೆ ಆರಡಿ ಒಣ ಅಂಗಳ, ಗೋಡೆಯ ಕೆಳಗೆಲ್ಲಾ ಬಣ್ಣ ಸಿಪ್ಪೆ ಎದ್ದಿದೆ, ಕೈಯಲ್ಲಿ ಎರಡು ಲಕ್ಷ. ಗೋಡೆಗೆ ಕಲ್ಲಿನ ಕ್ಲಾಡಿಂಗ್ (ಅಂದಕ್ಕೆ ಅಂಟಿಸುವ ಕಲ್ಲಿನ ಹೊದಿಕೆ) ಹಾಕಿಸೋದಾ, ಲಾನ್ ಮಾಡಿಸೋದಾ, ಗೇಟಿನ ಮುಂದಿನ ಹೊಂಗೆ ಮರ ತೆಗೆಸೋದಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯನ್ನು ನನ್ನ ಹೆಂಡತಿಗೆ ತೋರಿಸಿದೆ. "ಇದು ನೀವೇ ಬರೆದಿದ್ದಾ?" ಅಂದಳು.

2017ರಲ್ಲಿ ಬೆಂಗಳೂರಿನ ಹನುಮಂತನಗರದ ಹತ್ತಿರ ನಾವು ತೆಗೆದುಕೊಂಡಿದ್ದು 1988ರಲ್ಲಿ ಕಟ್ಟಿದ ಮನೆ. ಹಳದಿ ಡಿಸ್ಟೆಂಪರ್, ಹಸಿರು ಗ್ರಿಲ್, ಕೆಳಗೆ ಒಂದೂವರೆ ಅಡಿ ಸೈಜುಗಲ್ಲು, ಅಂದರೆ ಉಳಿಯಲ್ಲಿ ಕೆತ್ತಿದ ಪಾಯದ ಕಲ್ಲು. ಗೃಹಪ್ರವೇಶಕ್ಕೆ ಬಂದ ನಮ್ಮ ಸೋದರತ್ತೆ ಗೇಟಲ್ಲೇ ನಿಂತು, "ಒಳ್ಳೇ ಪೋಸ್ಟ್ ಆಫೀಸ್ ಇದ್ದಂಗಿದೆ ಕಣೋ" ಅಂದುಬಿಟ್ಟರು. ಆಮೇಲೆ ಊಟದ ಸಾಲಿನಲ್ಲಿ ಪಾಯಸದ ಜೊತೆ ಅದೇ ಮಾತನ್ನು ಎಲ್ಲರಿಗೂ ಬಡಿಸಿದರು. ಈ ಮನೆಯ ಮುಖ ಬದಲಾಯಿಸಲೇಬೇಕು ಅಂತ ಅವತ್ತೇ ಹಟ ಹತ್ತಿತು.

ಇನ್ನು ನನ್ನ ತಪ್ಪು. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ಇದನ್ನು ಹೇಳೋಕೇ ಬರೆಯಲು ಕೂತಿದ್ದು.

ಆ ಸೈಜುಗಲ್ಲು ನನ್ನ ಕಣ್ಣಿಗೆ ಒರಟಾಗಿ ಕಂಡಿತು. ಅದು ಮುಚ್ಚಬೇಕು, ಮುಂದೆ ತೋಟನೂ ಆಗಬೇಕು. ಒಂದು ಟ್ರ್ಯಾಕ್ಟರ್ ಲೋಡ್ ಕೆಮ್ಮಣ್ಣು, ನಾಲ್ಕು ಮೂಟೆ ಕೊಟ್ಟಿಗೆ ಗೊಬ್ಬರ ತರಿಸಿದೆ. ಮುಂದಿನ ಗೋಡೆಗೆ ಒತ್ತಿ ಮಣ್ಣು ಏರಿಸಿ, ಅಂಚಿಗೆ ಇಟ್ಟಿಗೆ ಕಟ್ಟಿಸಿ, ದಾಸವಾಳ, ಕ್ರೋಟನ್, ಕನಕಾಂಬರ ನೆಟ್ಟೆ. ಕಲ್ಲು ಪೂರ್ತಿ ಮುಚ್ಚಿ, ಅದರ ಮೇಲೂ ಮುಕ್ಕಾಲು ಅಡಿ ಮಣ್ಣು ನಿಂತಿತು. ದಿನಾ ಸಂಜೆ ಪೈಪ್ ಹಿಡಿದು ನೀರು ಬಿಡುತ್ತಿದ್ದೆ. ಹೋಗಿಬರುವವರು ನಿಂತು ನೋಡುತ್ತಿದ್ದರು. ನಾನೂ ಬೀಗುತ್ತಿದ್ದೆ.

2018ರ ಅಕ್ಟೋಬರ್ ಮಳೆ ಬಂತು. ಹಾಲ್‌ನಲ್ಲಿ ಸೋಫಾ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಬಣ್ಣ ಉಬ್ಬಿತ್ತು. ಬೆರಳಲ್ಲಿ ಒತ್ತಿದೆ. ಹಪ್ಪಳ ಮುರಿದ ಹಾಗೆ ಚಟ್ ಅಂದಿತು, ಒಳಗಿಂದ ಬಿಳಿ ಪುಡಿ ಉದುರಿತು. ನಾಲಿಗೆಗೆ ಹಚ್ಚಿ ನೋಡಿದೆ (ಹೌದು, ನೋಡಿದೆ). ಉಪ್ಪುಪ್ಪು.

ಪೇಂಟರ್ ಬಂದು ಕೆರೆದು, ಪುಟ್ಟಿ ಹಚ್ಚಿ, ಡ್ಯಾಂಪ್‌ಪ್ರೂಫ್ ಬಣ್ಣ ಬಳಿದ. ಇಪ್ಪತ್ತೆರಡು ಸಾವಿರ. ಮುಂದಿನ ಮಳೆಗಾಲಕ್ಕೆ ಅಂಗೈಯಗಲ ಉಬ್ಬಿತು. ಇನ್ನೊಬ್ಬರು, "ಹೊರಗಿಂದ ನೀರು ಬರ್ತಿದೆ ಸಾರ್, ಕಲ್ಲಿನ ಕ್ಲಾಡಿಂಗ್ ಹಾಕಿಸಿಬಿಡಿ, ಲುಕ್ಕೂ ಬರುತ್ತೆ" ಅಂದರು. ಲುಕ್ ಅನ್ನುವ ಮಾತಿಗೆ ನಾನು ಬಿದ್ದೆ. ಅರವತ್ತೈದು ಸಾವಿರ. ಎರಡೇ ವರ್ಷದಲ್ಲಿ ತೇವ ಒಳಗಡೆ ಕಿಟಕಿಯ ಮಟ್ಟಕ್ಕೆ ಏರಿತು. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು ಬಂದ ಮೇಲೆ ಮನೆಯಲ್ಲಿ ಆದ ಮಾತುಕತೆ ಇಲ್ಲಿ ಬೇಡ.

2021ರ ನವೆಂಬರ್ ಮಳೆ ನಿಮಗೂ ನೆನಪಿರಬಹುದು. ಆಗ ಕಟ್ಟಿಕೊಂಡ ಮೋರಿ ಸರಿ ಮಾಡೋಕೆ ಒಬ್ಬರು ವಯಸ್ಸಾದ ಮೇಸ್ತ್ರಿ ಬಂದಿದ್ದರು. ನಾನು ಕೇಳಿರಲೇ ಇಲ್ಲ, ಅವರೇ ಕರಣೆ ಹಿಡಿಯಿಂದ ಕ್ಲಾಡಿಂಗ್ ಮೇಲೆ ತಟ್ಟುತ್ತಾ ಹೋದರು. ಟೊಕ್, ಟೊಕ್, ಆಮೇಲೆ ಬೊಳಬೊಳ ಅಂತ ಟೊಳ್ಳು ಸದ್ದು. "ಈ ಮಣ್ಣು ಯಾರು ಹಾಕಿಸಿದ್ದು ಸಾರ್?" ಅಂದರು. ನಾನೇ ಅಂದೆ. "ನಿಮ್ಮ ಗೋಡೆಗೆ ನೀವೇ ನೀರು ಕುಡಿಸ್ತಿದ್ದೀರಲ್ಲ."

ಅವರು ವಿವರಿಸಿದ್ದು ಇಷ್ಟು. ಪಾಯದ ಕಲ್ಲು ಮುಗಿದು ಇಟ್ಟಿಗೆ ಶುರುವಾಗುವ ಜಾಗದಲ್ಲಿ ತೆಳ್ಳಗೆ ಒಂದು ಕಾಂಕ್ರೀಟ್ ಪಟ್ಟಿ ಇರುತ್ತೆ, ಡಿಪಿಸಿ ಅಂತಾರೆ. ನೆಲದ ತೇವ ಗೋಡೆಗೆ ಹತ್ತದಂತೆ ತಡೆಯುವುದೇ ಅದರ ಕೆಲಸ. ನಾನು ಮಣ್ಣನ್ನು ಅದಕ್ಕಿಂತ ಮೇಲೆ ಏರಿಸಿದ್ದೆ. ತೇವ ಪಟ್ಟಿ ದಾಟಿ ಬರುವ ಕಷ್ಟವೇ ಇಲ್ಲ, ಪಕ್ಕದಿಂದ ಸಲೀಸಾಗಿ ಒಳಗೆ. ಇಟ್ಟಿಗೆ ನೀರು ಹೀರೋದು ರಸ್ಕ್ ಕಾಫಿ ಹೀರಿದ ಹಾಗೆ, ತುದಿ ಅದ್ದಿದರೆ ಸಾಕು, ತಾನೇ ಮೇಲಕ್ಕೆ ಎಳೆದುಕೊಳ್ಳುತ್ತೆ. ಜೊತೆಗೆ ಮಣ್ಣಿನ ಉಪ್ಪು, ಗೊಬ್ಬರದ ಉಪ್ಪು. ನೀರು ಆರಿದ ಮೇಲೆ ಆ ಉಪ್ಪು ಅಲ್ಲೇ ಹರಳುಗಟ್ಟಿ ಬಣ್ಣವನ್ನು ಹೊರಗೆ ದೂಡುತ್ತೆ. ಕ್ಲಾಡಿಂಗ್ ಹಾಕಿಸಿ ನಾನು ಗೋಡೆ ಹೊರಗಡೆ ಆರುವ ದಾರಿಯನ್ನೂ ಮುಚ್ಚಿದ್ದೆ. ತೇವ ಒಳಕ್ಕೂ ಮೇಲಕ್ಕೂ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಮಣ್ಣು ಯಾವತ್ತೂ ಆ ಪಟ್ಟಿಗಿಂತ ಕಡಿಮೆ ಅಂದರೂ ಅರ್ಧ ಅಡಿ ಕೆಳಗಿರಬೇಕು. ಸೈಜುಗಲ್ಲು ಹೊರಗೆ ಕಾಣೋದು ಅದಕ್ಕೇ. ನಾನು ಕುರೂಪ ಅಂದುಕೊಂಡು ಮುಚ್ಚಿದ್ದು ಮನೆಯನ್ನು ಒಣಗಿಸಿಟ್ಟಿದ್ದ ಭಾಗವನ್ನೇ.

ಡಿಸೆಂಬರ್‌ನಲ್ಲಿ ಮಣ್ಣು ತೆಗೆಸಿ, ಕ್ಲಾಡಿಂಗ್ ಕೀಳಿಸಿ, ಒಳಗೂ ಹೊರಗೂ ಪ್ಲಾಸ್ಟರಿಂಗ್ ಕೆತ್ತಿಸಿದ್ದಾಯಿತು. ಯುಗಾದಿ ಕಳೆದರೂ ಮೇಸ್ತ್ರಿ ಸಿಮೆಂಟ್ ಮುಟ್ಟಲಿಲ್ಲ. ಒಂಬತ್ತಿಂಚಿನ ಗೋಡೆ ಸುಮ್ನೆ ಗಾಳಿಗೆ ಆರಬೇಕು ಅಂದರು. ಇಟ್ಟಿಗೆ ಬಾಯಿಬಿಟ್ಟುಕೊಂಡ ಮನೆ ನೋಡಿ ಪಕ್ಕದವರು, "ದುಡ್ಡು ಸಾಲಲಿಲ್ವಾ?" ಅಂತ ಕೇಳಿದ್ದೂ ಆಯಿತು. ಏಪ್ರಿಲ್ ಕೊನೆಗೆ ಪ್ಲಾಸ್ಟರಿಂಗ್ ಮುಗಿಯಿತು. ಆ ಮಣ್ಣಿನ ಲೋಡ್‌ಗೆ ನಾನು ಕೊಟ್ಟಿದ್ದು ಮೂರೂವರೆ ಸಾವಿರ. ಅದರ ಹಿಂದೆ ಹೋಗಿದ್ದು ಒಂದು ಲಕ್ಷದ ಎಂಬತ್ತು ಸಾವಿರ. ಹೆಚ್ಚುಕಮ್ಮಿ ನಿಮ್ಮ ಬಜೆಟ್ಟೇ, ಅಲ್ವಾ?

ಹಾಗಾಗಿ ಕ್ಲಾಡಿಂಗಾ ಲಾನಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲಿಲ್ಲ. ಗೋಡೆ ಕೆಳಗಡೆ ಮಾತ್ರ ಸಿಪ್ಪೆ ಏಳುತ್ತಿದೆ ಅಂದರೆ ನಿಮ್ಮದು ಅಂದದ ಸಮಸ್ಯೆ ಅಲ್ಲವೇ ಅಲ್ಲ, ನೀರಿನದು. ಜೋರು ಮಳೆಯಲ್ಲಿ ಕೊಡೆ ಹಿಡಿದು ಅರ್ಧ ಗಂಟೆ ಅಂಗಳದಲ್ಲಿ ನಿಂತು ನೋಡಿ. ತಾರಸಿಯ ನೀರು ಎಲ್ಲಿ ಬೀಳುತ್ತೆ? ಅಂಗಳದ ನೀರು ರಸ್ತೆ ಕಡೆ ಹರಿಯುತ್ತಾ, ಗೋಡೆ ಕಡೆಗಾ? ಕಿಟಕಿ ಸಜ್ಜದ ತಳದಲ್ಲಿ ನೀರು ಒಳಕ್ಕೆ ತಿರುಗಿ ಗೋಡೆಗೆ ಇಳಿಯುತ್ತಿದ್ದರೆ ಕಪ್ಪು ಗೆರೆ ಬರೋದು ಅದರಿಂದಲೇ. ಸಜ್ಜದ ತಳದ ಅಂಚಿಗೆ ಉದ್ದಕ್ಕೂ ಒಂದು ಗೀರು ಕೊರೆಸಿದರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತೆ. ಅರ್ಧ ದಿನದ ಕೂಲಿ. ಇದೆಲ್ಲಾ ಆಗದೆ ಬಣ್ಣದ ಡಬ್ಬ ಮುಚ್ಚಳ ತೆಗೆಯಬೇಡಿ.

ಲಾನ್ ಬೇಡ. ನಾನು ಅದನ್ನೂ ಮಾಡಿ ನೋಡಿದೆ, 2023ರಲ್ಲಿ ಮೆಕ್ಸಿಕನ್ ಹುಲ್ಲು ಹಾಸಿಸಿದೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಬಂತು. ಟ್ಯಾಂಕರ್‌ಗೆ ಸರದಿ ಕಾಯುತ್ತಿದ್ದ ದಿನಗಳಲ್ಲಿ ಹುಲ್ಲಿಗೆ ನೀರು ಹಾಕೋಕೆ ನನಗೂ ಮನಸ್ಸು ಬರಲಿಲ್ಲ. ಮೂರೇ ವಾರಕ್ಕೆ ತೆಂಗಿನ ನಾರಿನ ಬಣ್ಣ. ನಿಮ್ಮಲ್ಲಂತೂ ಹೊಂಗೆ ನೆರಳಿದೆ, ಹುಲ್ಲು ಬರೋದೂ ಇಲ್ಲ.

ಮರದ ವಿಷಯ ಕೇಳಲೇಬೇಡಿ. ಫುಟ್‌ಪಾತಿನ ಮರ ನಿಮ್ಮದಲ್ಲ. 1976ರ ಮರಗಳ ಸಂರಕ್ಷಣೆ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಕಡಿದರೆ ಕೇಸು. ಅದು ಉದುರಿಸುವ ಎಲೆಯನ್ನು ಮೂಲೆಯಲ್ಲಿ ಗುಡ್ಡೆ ಹಾಕಿ, ಗೊಬ್ಬರ ಪುಕ್ಕಟೆ.

ಈಗ ನಮ್ಮಲ್ಲಿ ಗೋಡೆಯ ಬುಡಕ್ಕೆ ಒಂದಡಿ ಅಗಲ ಬರೀ ಜಲ್ಲಿ. ಆಮೇಲೆ ಸಂದು ಬಿಟ್ಟು ಹಾಸಿದ ಚಪ್ಪಡಿ ಕಲ್ಲು. ಗಿಡಗಳೆಲ್ಲಾ ಕಾಂಪೌಂಡ್ ಕಡೆ: ನಂದಿಬಟ್ಟಲು, ದಾಸವಾಳ, ಕರಿಬೇವು, ಒಂದು ಪಾರಿಜಾತ. ಲಾಲ್‌ಬಾಗ್‌ನ ನರ್ಸರಿಯಿಂದ ಚಿಕ್ಕ ಸಸಿಗಳನ್ನೇ ತಂದೆ. ದೊಡ್ಡ ಗಿಡ ತಂದು ನೆಟ್ಟರೆ ಮೊದಲ ಬೇಸಿಗೆಗೇ ಮುನಿಸಿಕೊಳ್ಳುತ್ತೆ.

ಮನೆ ಚೆಂದ ಕಾಣೋಕೆ ಏನು ಹಾಕಿಸಿದಿರಿ ಅಂತ ಕೇಳುತ್ತಾರೆ. ಜಾಸ್ತಿ ತೆಗೆದಿದ್ದೇ. ಮುಂಭಾಗದಲ್ಲಿ ಜೋತಾಡುತ್ತಿದ್ದ ಸತ್ತ ಕೇಬಲ್ ವೈರುಗಳು, ತುಕ್ಕು ಹಿಡಿದ ಶೀಟು, ಒಡೆದ ಡ್ರಮ್ಮು. ಸೈಜುಗಲ್ಲಿನ ಮೇಲಿನ ಪಾಚಿ, ಮಣ್ಣನ್ನು ವೈರ್ ಬ್ರಷ್‌ನಲ್ಲಿ ಎರಡು ಭಾನುವಾರ ನಾವಿಬ್ಬರೇ ಉಜ್ಜಿದೆವು. ಉಳಿ ಏಟಿನ ಗುರುತುಗಳು ಒಂದೊಂದಾಗಿ ಎದ್ದು ಬಂದವು. ಸಂಜೆ ಬಿಸಿಲು ಅಡ್ಡ ಬಿದ್ದಾಗ ನೋಡಬೇಕು ಅದನ್ನು.

ಕಿತ್ತ ಕ್ಲಾಡಿಂಗ್ ಕಲ್ಲು ಇನ್ನೂ ತಾರಸಿ ಮೇಲೆ ಮೂರು ಮೂಟೆ ಬಿದ್ದಿದೆ. ಬೇಕೇ ಬೇಕು ಅಂದರೆ ಬಂದು ತೆಗೆದುಕೊಂಡು ಹೋಗಿ. ಕಾಂಪೌಂಡ್ ಗೋಡೆಗೆ ಮಾತ್ರ ಹಚ್ಚಿಸಿ.