ಪ್ರ: 16 ವರ್ಷದ ಮಗ ಸ್ಕೂಟರ್ ಓಡಿಸಿದರೆ ದಂಡ ಕಡಿಮೆ ಆಗುತ್ತಾ?

ಮಗನಿಗೆ ಈಗ 16, ತೋಟದಿಂದ ಸಿದ್ದಾಪುರದ ಬಸ್ ಸ್ಟ್ಯಾಂಡಿಗೆ ಸ್ಕೂಟರ್ ಕೊಡಬಹುದಾ, ಮೋಟಾರು ವಾಹನ ಕಾಯ್ದೆಯ ಹೊಸ ತಿದ್ದುಪಡಿಯಲ್ಲಿ ರಾಜ್ಯ ದಂಡ ಇಳಿಸುತ್ತಾ ಅಂತ ಕೇಳಿದ್ದೀರಿ. ಅದನ್ನು ನಂಬಿ ಕೀ ಕೊಡಬೇಡಿ ಸರ್.

2019ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಹೆಲ್ಮೆಟ್ ದಂಡವನ್ನು 1,000ದಿಂದ 500ಕ್ಕೆ ಇಳಿಸಿದ್ದು ನಿಜ. ಆದರೆ ಸ್ಥಳದಲ್ಲೇ ಕಟ್ಟಿ ಮುಗಿಸುವ ತಪ್ಪುಗಳಿಗಷ್ಟೇ ರಾಜ್ಯ ಹಾಗೆ ಮಾಡಬಹುದು. ಮಕ್ಕಳು ಓಡಿಸಿ ಸಿಕ್ಕಿಬಿದ್ದರೆ ಅದು ಆ ಕಾಯ್ದೆಯ 199ಎ ಕಲಂ, ಕೋರ್ಟಿಗೇ ಹೋಗಬೇಕು. ಶಿಕ್ಷೆ ಹುಡುಗನಿಗಿಂತ ನಿಮಗೇ ಜಾಸ್ತಿ: 25,000 ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಅವನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಪಘಾತವಾದರೆ ಇನ್ಶೂರೆನ್ಸ್‌ನವರು ಪರಿಹಾರ ಕೊಟ್ಟು ಆಮೇಲೆ ನಿಮ್ಮಿಂದಲೇ ವಸೂಲಿ ಮಾಡಬಹುದು.

16ಕ್ಕೆ ಸಿಗುವ ಲೈಸೆನ್ಸ್ ಗೇರಿಲ್ಲದ 50 ಸಿಸಿವರೆಗಿನ ಗಾಡಿಗೆ ಮಾತ್ರ. ಅಂಥದ್ದು ಈಗ ಶೋರೂಮಿನಲ್ಲಿ ಎಲ್ಲಿದೆ, ಅಲ್ವಾ? 250 ವ್ಯಾಟ್, 25 ಕಿ.ಮೀ. ವೇಗದೊಳಗಿನ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸ್ ಬೇಡ. ಆದರೆ ನಮ್ಮ ಏರಿನಲ್ಲಿ, ಅದೂ ಮಳೆಗಾಲದಲ್ಲಿ, ಇಳಿದು ತಳ್ಳಬೇಕಾದೀತು! ನಾನಂತೂ ಎರಡು ವರ್ಷ ಮಗಳನ್ನು ಜೀಪಿನಲ್ಲೇ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದೆ.