ಓದುಗರ ಪ್ರಶ್ನೆ: ಇರುವ ಕೆಲಸ ಬಿಡದೆ ಪೊಲೀಸ್ ಆಗಬಹುದಾ?

ಸ್ವಯಂಸೇವಕ ಪೊಲೀಸರ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲ ಪೂರ್ತಿ ಜಾಗ ತಿಂದುಹಾಕಿವೆ. ಕೆಲವನ್ನು ಚಿಕ್ಕದು ಮಾಡಿದ್ದೇನೆ. ಹೆಸರು ಯಾರದೂ ಹಾಕಿಲ್ಲ.

ಪ್ರಶ್ನೆ: ಸರ್, ನನಗೆ 31 ವರ್ಷ, ಲೆಕ್ಕಪತ್ರ ನೋಡುವ ಕೆಲಸ. ಚಿಕ್ಕಂದಿನಿಂದ ಪೊಲೀಸ್ ಆಗಬೇಕು ಅಂತಿತ್ತು, ಆಗಲಿಲ್ಲ. ಈಗಿನ ಕೆಲಸ ಇಟ್ಟುಕೊಂಡೇ ಶನಿವಾರ, ಭಾನುವಾರ ಪೊಲೀಸ್ ಆಗಿ ದುಡಿಯುವ ವ್ಯವಸ್ಥೆ ಕೆಲವು ಕಡೆ ಇದೆಯಂತೆ. ನಿಜವಾದ ಅಧಿಕಾರ ಕೊಡ್ತಾರಾ, ಇಲ್ಲ ಸುಮ್ನೆ ಕೈಗೊಂದು ಸೀಟಿ ಕೊಟ್ಟು ನಿಲ್ಲಿಸ್ತಾರಾ?

ಉತ್ತರ: ಎರಡೂ ಉಂಟು. ಎಲ್ಲಿ, ಯಾವ ದಳ ಅನ್ನುವುದನ್ನು ನೋಡಬೇಕು.

ಪೂರ್ತಿ ಅಧಿಕಾರ ಕೊಡುವವರಲ್ಲಿ ಮೊದಲು ಹೇಳಬೇಕಾದದ್ದು ಇಂಗ್ಲೆಂಡ್ ಮತ್ತು ವೇಲ್ಸ್. ಅಲ್ಲಿ ಇವರಿಗೆ ಸ್ಪೆಷಲ್ ಕಾನ್‌ಸ್ಟೇಬಲ್ ಅಂತಾರೆ. ಸಂಬಳ ಇಲ್ಲ, ಓಡಾಟದ ಖರ್ಚು ಸಿಗುತ್ತದೆ. ಆದರೆ ಒಮ್ಮೆ ಪ್ರಮಾಣ ಮಾಡಿದ ಮೇಲೆ ಬಂಧಿಸುವುದಿರಲಿ, ತಪಾಸಣೆ ಮಾಡುವುದಿರಲಿ, ಸಂಬಳದ ಕಾನ್‌ಸ್ಟೇಬಲ್‌ಗೆ ಏನೇನು ಅಧಿಕಾರ ಇದೆಯೋ ಇವರಿಗೂ ಅಷ್ಟೇ ಇದೆ. ಇದು ಇವತ್ತು ನಿನ್ನೆಯ ಏರ್ಪಾಡಲ್ಲ. 1831ರಲ್ಲೇ ಇದಕ್ಕೊಂದು ಕಾಯ್ದೆ ಬಂತು. ಗಲಭೆ ಆಗಬಹುದು ಅನ್ನಿಸಿದರೆ ಮ್ಯಾಜಿಸ್ಟ್ರೇಟರು ಊರಿನವರನ್ನೇ ಕರೆದು ಕಾನ್‌ಸ್ಟೇಬಲ್ ಮಾಡಬಹುದಿತ್ತು. 1848ರಲ್ಲಿ ಲಂಡನ್ನಿನಲ್ಲಿ ಚಾರ್ಟಿಸ್ಟರು, ಅಂದರೆ ದುಡಿಯುವ ಜನಕ್ಕೂ ಮತದ ಹಕ್ಕು ಬೇಕು ಅನ್ನುತ್ತಿದ್ದ ಚಳವಳಿಯವರು, ದೊಡ್ಡ ಸಭೆ ಕರೆದಾಗ ಹೀಗೆ ಹೆಸರು ಬರೆಸಿದವರಲ್ಲಿ ಲೂಯಿ ನೆಪೋಲಿಯನ್ ಕೂಡ ಇದ್ದ. ಆಮೇಲೆ ಫ್ರಾನ್ಸಿನ ಚಕ್ರವರ್ತಿ ಆದನಲ್ಲ, ಅವನೇ!

ಸಿಂಗಪುರದಲ್ಲಿ 1946ರಿಂದ ಇಂಥದ್ದೇ ದಳ ಇದೆ. ಅಲ್ಲೂ ಕಾಯಂ ಪೊಲೀಸರಷ್ಟೇ ಅಧಿಕಾರ. ನ್ಯೂಯಾರ್ಕಿನ ಆಕ್ಸಿಲರಿ ಪೊಲೀಸರ, ಅಂದರೆ ಅಲ್ಲಿನ ಸ್ವಯಂಸೇವಕ ಸಹಾಯಕ ಪೊಲೀಸರ ಕಥೆ ಬೇರೆ. ಅವರಿಗೆ ಸಮವಸ್ತ್ರ ಇದೆ, ಗಸ್ತು ಇದೆ, ಬಂದೂಕು ಇಲ್ಲ. ಕಂಡದ್ದನ್ನು ವೈರ್‌ಲೆಸ್‌ನಲ್ಲಿ ತಿಳಿಸುವುದೇ ಅವರ ಮುಖ್ಯ ಕೆಲಸ. ನಮ್ಮ ದೇಶದ ಹೋಮ್ ಗಾರ್ಡ್, ಅಂದರೆ ಗೃಹರಕ್ಷಕ ದಳ, ಇವೆರಡರ ನಡುವೆ ಬರುತ್ತದೆ. 1946ರ ಡಿಸೆಂಬರ್‌ನಲ್ಲಿ, ಕೋಮು ಗಲಭೆಗಳ ಕಾಲದಲ್ಲಿ, ಆಗಿನ ಬಾಂಬೆ ಪ್ರಾಂತ್ಯದಲ್ಲಿ ಅದು ಶುರುವಾಯಿತು. 1962ರ ಚೀನಾ ಯುದ್ಧದ ನಂತರ ಎಲ್ಲ ರಾಜ್ಯಗಳೂ ಒಂದೇ ಮಾದರಿಯಲ್ಲಿ ಕಟ್ಟಿಕೊಳ್ಳಿ ಅಂತ ಕೇಂದ್ರ ಸೂಚಿಸಿತು. ಡ್ಯೂಟಿಗೆ ಕರೆದ ದಿನಕ್ಕೆ ಭತ್ಯೆ ಸಿಗುತ್ತದೆ. ಹೆಚ್ಚಿನ ರಾಜ್ಯಗಳ ಕಾನೂನಿನ ಪ್ರಕಾರ, ಡ್ಯೂಟಿಯಲ್ಲಿ ಇರುವಷ್ಟು ಹೊತ್ತು ಪೊಲೀಸರ ಅಧಿಕಾರವೂ ರಕ್ಷಣೆಯೂ ಇರುತ್ತವೆ.

ಹಾಗಾಗಿ ಅರ್ಜಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎದುರಿಗಿರುವವನು "ನೀನು ಯಾರಯ್ಯಾ ನನ್ನನ್ನು ನಿಲ್ಲಿಸೋಕೆ?" ಅಂದರೆ ನನ್ನ ಹತ್ತಿರ ಕಾನೂನಿನ ಉತ್ತರ ಇದೆಯಾ? ಅದಕ್ಕೆ ಅಧಿಕಾರಿಯಿಂದ ನೇರ ಉತ್ತರ ಸಿಗದಿದ್ದರೆ ಆ ದಳಕ್ಕೆ ಸೇರಬೇಡಿ.

ಇನ್ನೊಂದು ಮಾತು. ನಿಮ್ಮ ಪತ್ರ ಓದಿದರೆ ಕಳ್ಳನ ಹಿಂದೆ ಓಡುವ ಆಸೆ ಇದ್ದಂತಿದೆ. ಇರಲಿ, ತಪ್ಪಲ್ಲ. ಆದರೆ ಬರುವ ಕೆಲಸ ಹೇಗಿರುತ್ತದೆ ಗೊತ್ತಾ? ಅಪಘಾತ ಆದ ಕಡೆ ಟೇಪ್ ಕಟ್ಟಿ ಎರಡು ಗಂಟೆ ನಿಲ್ಲಬೇಕು. ಬಂದವರೆಲ್ಲ "ನಮ್ಮನೆ ಇಲ್ಲೇ ಸಾರ್, ಒಂದು ನಿಮಿಷ ಬಿಡಿ" ಅಂತಾರೆ. ಪ್ರತಿಯೊಬ್ಬರಿಗೂ ಅದೇ ಉತ್ತರವನ್ನು ಅದೇ ಸಮಾಧಾನದಲ್ಲಿ ಹೇಳಬೇಕು. ಮೂವತ್ತನೆಯವನಿಗೆ ಕೊಡುವ ಉತ್ತರದಲ್ಲಿ ದನಿ ಏರಿತೋ, ಅಲ್ಲೊಂದು ಜಗಳ ಗ್ಯಾರಂಟಿ. ನಡುವೆ ಒಬ್ಬಾಕೆ ಬಂದು ತಾನು ಕಣ್ಣಾರೆ ನೋಡಿದೆ ಅಂತಾಳೆ. ಆಗಲೇ ಜೇಬಿನ ಪುಸ್ತಕ ತೆಗೆದು ಎಷ್ಟು ಗಂಟೆ, ಆಕೆ ಎಲ್ಲಿ ನಿಂತಿದ್ದಳು, ಯಾವ ಕಡೆಯಿಂದ ಗಾಡಿ ಬಂತು ಅನ್ನುವುದನ್ನೆಲ್ಲ ಆಕೆಯದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಮನೆಗೆ ಹೋಗಿ ನಿಧಾನಕ್ಕೆ ಬರೆಯೋಣ ಅಂದರೆ, ಮುಂದೆ ಕೋರ್ಟಿನಲ್ಲಿ ವಕೀಲರು ಕೇಳುವ ಮೊದಲ ಪ್ರಶ್ನೆಯೇ "ಇದನ್ನು ಯಾವಾಗ ಬರೆದಿರಿ?" ಅಂತ. ಲೆಕ್ಕಪತ್ರದವರು ನೀವು, ಈ ವಿಷಯದಲ್ಲಿ ನಿಮಗೆ ಬೇರೆಯವರಿಗಿಂತ ಜಾಸ್ತಿ ಅನುಕೂಲ.

ಪ್ರಶ್ನೆ: ತರಬೇತಿ ಎಷ್ಟು ಕೊಡ್ತಾರೆ? ತಿಂಗಳಿಗೆ ಎಷ್ಟು ಹೊತ್ತು ಕೊಡಬೇಕು? ಆಫೀಸಿನಲ್ಲಿ ಹೇಳಲೇಬೇಕಾ?

ಉತ್ತರ: ಹೇಳಲೇಬೇಕು. ಮುಚ್ಚಿಟ್ಟು ಮಾಡುವ ಕೆಲಸ ಇದಲ್ಲ. ಇವತ್ತು ರಾತ್ರಿ ಒಬ್ಬನನ್ನು ಹಿಡಿದರೆ, ಮುಂದೆ ಒಂದು ಮಂಗಳವಾರ ಬೆಳಿಗ್ಗೆ ಸಾಕ್ಷಿ ಹೇಳಲು ಕೋರ್ಟಿಗೆ ಹೋಗಬೇಕಾಗುತ್ತದೆ. ಆಗ ರಜೆ ಕೊಡುವವರು ಅವರೇ ತಾನೇ? ಬ್ರಿಟನ್ನಿನಲ್ಲಿ ಕೆಲವು ಕಂಪನಿಗಳು ಇದಕ್ಕೆ ಸಂಬಳ ಸಹಿತ ರಜೆ ಕೊಡುವುದೂ ಇದೆ. ಕೆಲವು ಉದ್ಯೋಗದವರನ್ನು ಅಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವುದೇ ಇಲ್ಲ. ಮ್ಯಾಜಿಸ್ಟ್ರೇಟರು, ಮದ್ಯ ಮಾರುವ ಪರವಾನಗಿ ಇರುವವರು, ಹೀಗೆ. ಎರಡು ದೋಣಿಯ ಮೇಲೆ ಕಾಲಿಟ್ಟಂತೆ ಆಗುತ್ತಲ್ಲ, ಅದಕ್ಕೆ.

ಹೊತ್ತಿನ ಲೆಕ್ಕಕ್ಕೆ ಬಂದರೆ, ಇಂಗ್ಲೆಂಡಿನಲ್ಲೂ ಸಿಂಗಪುರದಲ್ಲೂ ತಿಂಗಳಿಗೆ ಕನಿಷ್ಠ 16 ಗಂಟೆ ಅಂತ ಹೇಳುತ್ತಾರೆ. ಕೇಳಲು ಕಮ್ಮಿ ಅನ್ನಿಸುತ್ತದೆ. ಪಾಳಿ ಮುಗಿಯುವ ಹೊತ್ತಿಗೆ ಒಂದು ಕೇಸ್ ಬಂತು ಅಂದರೆ ಆ ಕಾಗದಪತ್ರ ಮುಗಿಸಿಯೇ ಮನೆಗೆ ಹೋಗುವುದು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ತರಬೇತಿ ದಳದಿಂದ ದಳಕ್ಕೆ ಬೇರೆ. ಸಂಜೆ ಮತ್ತು ವಾರದ ಕೊನೆಯಲ್ಲಿ, ಕೆಲವು ತಿಂಗಳು ನಡೆಯುವುದು ಸಾಮಾನ್ಯ. ಆಮೇಲೂ ಅನುಭವಿಗಳ ಜೊತೆಗೇ ಕಳಿಸುತ್ತಾರೆ, ಒಬ್ಬರೇ ಹೋಗಬಲ್ಲರು ಅಂತ ಗೊತ್ತಾದ ಮೇಲಷ್ಟೇ ಬಿಡುತ್ತಾರೆ. ಇದನ್ನು ಬೇಜಾರು ಅಂದುಕೊಳ್ಳುವವರು 2015ರಲ್ಲಿ ಅಮೆರಿಕದ ಟಲ್ಸಾದಲ್ಲಿ ಏನಾಯಿತು ಅಂತ ತಿಳಿದುಕೊಳ್ಳಬೇಕು. ಒಂದು ಕಾರ್ಯಾಚರಣೆಯಲ್ಲಿ ಓಡಿಹೋಗುತ್ತಿದ್ದವನನ್ನು ಬೇರೆ ಪೊಲೀಸರು ನೆಲಕ್ಕೆ ಕೆಡವಿ ಹಿಡಿದಿದ್ದರು. ಅಲ್ಲಿದ್ದ 73 ವರ್ಷದ ಸ್ವಯಂಸೇವಕ ಅಧಿಕಾರಿ, ಕರೆಂಟ್ ಶಾಕ್ ಕೊಡುವ ಟೇಸರ್ ಅಂದುಕೊಂಡು ಪಿಸ್ತೂಲು ತೆಗೆದು ಗುಂಡು ಹಾರಿಸಿದರು. ಆ ಮನುಷ್ಯ ಸತ್ತ. ಹಾರಿಸಿದವರಿಗೆ ಮರುವರ್ಷ ನಾಲ್ಕು ವರ್ಷ ಜೈಲು ಶಿಕ್ಷೆ ಆಯಿತು. ಅವರಿಗೆ ಕೊಟ್ಟ ತರಬೇತಿ ಎಷ್ಟು ಅನ್ನುವುದೇ ದೊಡ್ಡ ವಿವಾದ ಆಯಿತು. ಹಾಗಾಗಿ "ನಮ್ಮಲ್ಲಿ ಎರಡು ದಿನ ಬಂದರೆ ಸಾಕು" ಅನ್ನುವ ಕಡೆ ಖುಷಿಪಡಬೇಡಿ, ಹೆದರಿ.

ಪ್ರಶ್ನೆ: ನಮ್ಮ ಯಜಮಾನರು ಹೀಗೆ ಸೇರಬೇಕು ಅಂತ ಹಟ ಹಿಡಿದಿದ್ದಾರೆ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಬೇಡ ಅಂದರೆ "ನಾವೇ ಹೀಗಂದರೆ ಸಮಾಜಕ್ಕೆ ಯಾರು ಮಾಡೋದು?" ಅಂತಾರೆ. ನಾನು ಹೆದರುವುದು ತಪ್ಪಾ ಅಣ್ಣಾ?

ಉತ್ತರ: ತಪ್ಪಲ್ಲ ತಂಗೀ. ಅಪಾಯ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2007ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್‌ನಲ್ಲಿ, ಒಂದು ರೆಸ್ಟೋರೆಂಟ್‌ನಲ್ಲಿ ಕೊಲೆ ಮಾಡಿ ಹೊರಬಂದ ಒಬ್ಬ, ಅವನ ಹಿಂದೆ ಹೋದ ಇಬ್ಬರು ಆಕ್ಸಿಲರಿ ಪೊಲೀಸರನ್ನು ಗುಂಡಿಟ್ಟು ಕೊಂದ. ಇಬ್ಬರ ಹತ್ತಿರವೂ ಬಂದೂಕು ಇರಲಿಲ್ಲ. ಗುಂಡು ತಡೆಯುವ ಅಂಗಿಯನ್ನು ಇಲಾಖೆಯೇ ಎಲ್ಲರಿಗೂ ಕೊಡಬೇಕು ಅನ್ನುವ ತೀರ್ಮಾನ ಆದದ್ದು ಅದಾದ ಮೇಲೆ.

ಇದನ್ನು ನಿಮ್ಮನ್ನು ಹೆದರಿಸಲು ಬರೆದದ್ದಲ್ಲ. ಇಂಥದ್ದು ಅಪರೂಪ. ಆದರೆ ಅವರು ಹೊರಡುವ ಮುಂಚೆ ನೀವಿಬ್ಬರೂ ಕೂತು ಕೆಲವು ವಿಷಯ ಕೇಳಿ ತಿಳಿಯಬೇಕು. ಗಾಯವಾದರೆ ಆಸ್ಪತ್ರೆ ಖರ್ಚು ಯಾರದು? ಕೈಕಾಲು ಮುರಿದು ಮೂರು ತಿಂಗಳು ಅಸಲಿ ಕೆಲಸಕ್ಕೆ ಹೋಗಲಾಗದಿದ್ದರೆ ಸಂಬಳದ ಗತಿ ಏನು? ಈಗಿರುವ ವಿಮೆ ಇಂಥ ಕೆಲಸಕ್ಕೆ ಅನ್ವಯಿಸುತ್ತದಾ? ಅವರ ಮೇಲೆ ಯಾರಾದರೂ ಕೇಸ್ ಹಾಕಿದರೆ ವಕೀಲರನ್ನು ಇಲಾಖೆ ಕೊಡುತ್ತದಾ? ಬಾಯಿಮಾತಿನ "ನಾವು ನೋಡ್ಕೋತೀವಿ" ಸಾಲದು, ಬರಹದಲ್ಲಿ ಬೇಕು.

ನಾನು ಠಾಣೆಯಲ್ಲಿ ಇದ್ದಾಗ ಕಂಡ ಹಾಗೆ, ಇಂಥವರ ಮನೆಗಳಲ್ಲಿ ಕಿರಿಕಿರಿ ಹುಟ್ಟುವುದು ಹೆಚ್ಚಾಗಿ ರೌಡಿಗಳಿಂದ ಅಲ್ಲ, ಅಕ್ಕಪಕ್ಕದವರಿಂದ. ಕಾಯಂ ಪೊಲೀಸನಿಗೆ ವರ್ಗಾವಣೆ ಆಗುತ್ತದೆ. ಇವರು ಅದೇ ಬೀದಿಯಲ್ಲಿ ಮೊದಲೂ ಇದ್ದರು, ಮುಂದೆಯೂ ಇರುತ್ತಾರೆ. ರಾತ್ರಿ ಹತ್ತಕ್ಕೆ ಬಾಗಿಲು ಬಡಿದು "ನಿಮ್ಮನೆಯವರು ಪೊಲೀಸ್ ಅಲ್ವಾ, ಪಕ್ಕದವನು ನಮ್ಮ ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿದ್ದಾನೆ, ಸ್ವಲ್ಪ ಗದರಿಸಿ" ಅಂತ ಬರುತ್ತಾರೆ. ಗದರಿಸಿದರೆ ಪಕ್ಕದವರು ಮಾತು ಬಿಡುತ್ತಾರೆ, ಗದರಿಸದಿದ್ದರೆ ಬಂದವರು ಬಿಡುತ್ತಾರೆ. ಮಗುವಿನ ಸ್ನೇಹಿತನ ಅಪ್ಪನೇ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಅವರ ಹೆಂಡತಿ ಸಿಗುವುದು ನಿಮಗೆ, ನಿಮ್ಮ ಯಜಮಾನರಿಗಲ್ಲ. ಇದನ್ನು ಅವರಿಗೆ ಹೇಳಿ. ಸಮಾಜಸೇವೆಯ ಮಾತಾಡುವವರು ಈ ಭಾಗವನ್ನು ಮರೆತಿರುತ್ತಾರೆ.

ಇದಕ್ಕೆ ಮಾಡಬಹುದಾದದ್ದು ಇಷ್ಟು. ಪರಿಚಯದವರು ಸಿಕ್ಕಿಬಿದ್ದರೆ ಆ ಕೇಸನ್ನು ತಕ್ಷಣ ಜೊತೆಗಿರುವ ಅಧಿಕಾರಿಗೆ ಒಪ್ಪಿಸಿ ಪಕ್ಕಕ್ಕೆ ನಿಲ್ಲಬೇಕು. ಮನೆಬಾಗಿಲಿಗೆ ಬಂದವರಿಗೆ "ಠಾಣೆಗೆ ಫೋನ್ ಮಾಡಿ" ಅನ್ನುವ ಒಂದೇ ಉತ್ತರ. ಮೊದಲ ದಿನದಿಂದ ಇದನ್ನೇ ಹೇಳಿದರೆ ಒಂದಷ್ಟು ದಿನ ಬೈದುಕೊಂಡು ಸುಮ್ಮನಾಗುತ್ತಾರೆ. ಠಾಣೆಯಲ್ಲಿ ಕೇಳಿದ್ದನ್ನು ಮನೆಯಲ್ಲಿ ಹೇಳುವಂತಿಲ್ಲ, ನೀವೂ ಕೇಳಬೇಡಿ. ಇಷ್ಟೆಲ್ಲ ಮಾತಾಡಿದ ಮೇಲೂ ಅವರ ಮನಸ್ಸು ಗಟ್ಟಿ ಇದ್ದರೆ, ಒಂದು ವರ್ಷ ನೋಡೋಣ ಅಂತ ಒಪ್ಪಿಕೊಳ್ಳಿ. ಬೇಡ ಅನ್ನಿಸಿದರೆ ರಾಜೀನಾಮೆ ಕೊಡುವ ದಾರಿ ಇದ್ದೇ ಇದೆ.

ಪ್ರಶ್ನೆ: ಐಡಿ ಕಾರ್ಡ್ ತೋರಿಸಿದರೆ ಟೋಲ್‌ನಲ್ಲಿ ಬಿಡ್ತಾರಾ ಸಾರ್?

ಉತ್ತರ: ನೀವು ಸೇರಬೇಡಿ.

ಪ್ರಶ್ನೆ: ಇದೆಲ್ಲ ಸರ್ಕಾರ ಬಿಟ್ಟಿ ಪೊಲೀಸರನ್ನು ದುಡಿಸಿಕೊಳ್ಳುವ ಉಪಾಯ ಅಲ್ಲವೇ? ಹುದ್ದೆ ಖಾಲಿ ಇಟ್ಟು ಸೇವೆ, ಸೇವೆ ಅಂದರೆ ಹೇಗೆ?

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಧ ಪಾಲು ನನ್ನದೂ ಇದೆ. ಸ್ವಯಂಸೇವಕರು ಹೆಚ್ಚುವರಿ ಕೈಗಳಾಗಿರಬೇಕು. ಕಾಯಂ ಪೊಲೀಸರ ಬದಲಿಗೆ ಅವರನ್ನೇ ನಿಲ್ಲಿಸಿದ ಕಡೆ ಎರಡು ಥರದ ಕೇಡು ಆಗುತ್ತದೆ.

ಒಂದು, ಹೊಟ್ಟೆಪಾಡಿನದು. ನಮ್ಮ ಹೋಮ್ ಗಾರ್ಡ್ ವ್ಯವಸ್ಥೆ ಕಟ್ಟಿದ್ದೇ ಬೇರೆ ಕೆಲಸ ಇರುವವರು ಬಿಡುವಿನಲ್ಲಿ ಬರಲಿ ಅಂತ. ಆದರೆ ಅದನ್ನೇ ನಂಬಿ ಬದುಕುವವರು ಎಷ್ಟೋ ಮಂದಿ ಆದರು. ಕೆಲಸ ಕಾಯಂ ಮಾಡಿ ಅಂತ ಅವರು ಸುಪ್ರೀಂ ಕೋರ್ಟ್ ತನಕ ಹೋದರು. 2015ರಲ್ಲಿ ಕೋರ್ಟ್ ಕಾಯಂ ಮಾಡಲು ಒಪ್ಪಲಿಲ್ಲ. ಆದರೆ 30 ದಿನದ ಭತ್ಯೆ ಸೇರಿಸಿದರೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನದಷ್ಟು ಆಗಬೇಕು ಅಂತ ಹೇಳಿತು.

ಇನ್ನೊಂದು ಇದಕ್ಕಿಂತ ಘೋರ. 1861ರ ಪೊಲೀಸ್ ಕಾಯ್ದೆಯಲ್ಲಿ, ಗಲಭೆಯ ಹೊತ್ತಿನಲ್ಲಿ ಊರಿನವರನ್ನೇ ವಿಶೇಷ ಪೊಲೀಸ್ ಅಧಿಕಾರಿ ಮಾಡುವ ಅವಕಾಶ ಇತ್ತು. ಛತ್ತೀಸ್‌ಗಢದಲ್ಲಿ ಇದೇ ಹೆಸರಿನಲ್ಲಿ ಆದಿವಾಸಿ ಹುಡುಗರ ಕೈಗೆ ಬಂದೂಕು ಕೊಟ್ಟು ಮಾವೋವಾದಿಗಳ ಎದುರು ನಿಲ್ಲಿಸಿದರು. ಓದು ಕಮ್ಮಿ, ತರಬೇತಿ ಕಮ್ಮಿ, ಕೈಗೆ ಸಿಗುವ ಗೌರವಧನವೂ ಕಮ್ಮಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದು ಸಂವಿಧಾನಕ್ಕೆ ವಿರುದ್ಧ, ನಿಲ್ಲಿಸಿ ಅಂತ ಆದೇಶ ಮಾಡಿತು. ಪೂರ್ತಿ ತರಬೇತಿ ಪಡೆದ ಪಡೆ ಮಾಡಬೇಕಾದ ಕೆಲಸವನ್ನು ಅಗ್ಗದಲ್ಲಿ ಊರಿನವರ ಹೆಗಲಿಗೆ ಹೊರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ಹಾಗಂತ ಇಡೀ ಯೋಚನೆಯನ್ನೇ ಎಸೆಯಬೇಕು ಅಂತ ನನಗೆ ಅನ್ನಿಸುವುದಿಲ್ಲ. ದೊಡ್ಡ ಪಂದ್ಯ, ಮೆರವಣಿಗೆ, ನೆರೆ, ದಾರಿ ತಪ್ಪಿದ ಮಗುವಿನ ಹುಡುಕಾಟ, ಇಂಥ ಕಡೆ ಆ ಬೀದಿಗಳನ್ನು ಬಲ್ಲ ಹತ್ತು ಜನ ಜಾಸ್ತಿ ಇದ್ದರೆ ಎಷ್ಟು ಹಗುರ ಅನ್ನುವುದು ಡ್ಯೂಟಿ ಮಾಡಿದವರಿಗೆ ಗೊತ್ತು. ಜೊತೆಗೆ, ಸಂಬಳಕ್ಕೆ ಅಂಜಬೇಕಿಲ್ಲದ ಒಬ್ಬ ಹೊರಗಿನವನು ಠಾಣೆಯೊಳಗೆ ಕೂತಿದ್ದರೆ ಒಳಗಿನವರ ಮಾತೂ ಸ್ವಲ್ಪ ಹಿಡಿತದಲ್ಲಿರುತ್ತದೆ. ಇದನ್ನು ಯಾವ ಇಲಾಖೆಯೂ ಜಾಹೀರಾತಿನಲ್ಲಿ ಹಾಕುವುದಿಲ್ಲ ಬಿಡಿ.

ಪ್ರಶ್ನೆ: ನನಗೆ 58, ನಿವೃತ್ತಿ ಹತ್ತಿರ. ಮಂಡಿ ನೋವು. ಗಸ್ತು ತಿರುಗಲು ಆಗುವುದಿಲ್ಲ, ಆದರೆ ಏನಾದರೂ ಮಾಡಬೇಕು ಅಂತಿದೆ.

ಉತ್ತರ: ಗಸ್ತಿನ ಆಸೆ ಬಿಡಿ. ನಮ್ಮ ಹೋಮ್ ಗಾರ್ಡ್‌ಗೆ ಸೇರುವ ವಯಸ್ಸು ಸಾಮಾನ್ಯವಾಗಿ 18ರಿಂದ 50, ಮೈಕಟ್ಟಿನ ಪರೀಕ್ಷೆಯೂ ಇರುತ್ತದೆ. ಆದರೆ ಪೊಲೀಸ್ ಅಧಿಕಾರವೇ ಬೇಡದ ಕೆಲಸಗಳು ರಾಶಿ ಇವೆ. ಇಂಗ್ಲೆಂಡಿನಲ್ಲಿ ಸ್ಪೆಷಲ್‌ಗಳಲ್ಲದೆ, ಸಮವಸ್ತ್ರದ ಅಧಿಕಾರ ಇಲ್ಲದ ಬೆಂಬಲ ಸ್ವಯಂಸೇವಕರು ಅಂತಲೇ ಬೇರೆ ಇದ್ದಾರೆ. ಠಾಣೆಗೆ ಬಂದವರಿಗೆ ಅರ್ಜಿ ಬರೆದುಕೊಡುವುದು, ಕ್ಯಾಮೆರಾ ದೃಶ್ಯ ನೋಡಿ ಗುರುತು ಹಾಕುವುದು, ಮೋಸದ ಫೋನ್ ಕರೆಗಳ ಬಗ್ಗೆ ವಯಸ್ಸಾದವರಿಗೆ ತಿಳಿಹೇಳುವುದು, ಹೀಗೆ. ಈ ಕೊನೆಯದನ್ನು ಇಪ್ಪತ್ತೈದರ ಹುಡುಗ ಹೇಳಿದರೆ ಹಿರಿಯರು ತಲೆಯಾಡಿಸಿ ಮರೆಯುತ್ತಾರೆ, ನಿಮ್ಮ ವಯಸ್ಸಿನವರು ಹೇಳಿದರೆ ಕೇಳುತ್ತಾರೆ. ನಿಮ್ಮ ಠಾಣೆಯ ಅಧಿಕಾರಿಯನ್ನು ಒಂದು ಮಧ್ಯಾಹ್ನ, ಗಲಾಟೆ ಕಮ್ಮಿ ಇರುವ ಹೊತ್ತಿನಲ್ಲಿ, ಹೋಗಿ ಕಾಣಿ. "ಏನಾದರೂ ಕೆಲಸ ಇದೆಯಾ?" ಅನ್ನಬೇಡಿ. "ವಾರಕ್ಕೆ ಇಂಥ ದಿನ, ಇಷ್ಟು ಹೊತ್ತು ಬರುತ್ತೇನೆ, ಓದು ಬರಹದ ಕೆಲಸ ಮಾಡಬಲ್ಲೆ" ಅನ್ನಿ. ಕೂರಲು ಒಂದು ಕುರ್ಚಿ ಮಾತ್ರ ಮೊದಲೇ ಕೇಳಿಬಿಡಿ, ಠಾಣೆಗಳಲ್ಲಿ ಅದಕ್ಕೇ ಬರ.